ಶ್ರೀಲಂಕಾದ ದಕ್ಷಿಣ ಕರಾವಳಿ: ನಾವೇ ಓಡಿಸೋದಾ, ಡ್ರೈವರ್ ಜೊತೆ ಹೋಗೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡ್ರೈವರ್ ಸಮೇತ ಕಾರಿಗೆ. ಕೊಲಂಬೊ, ಹಿಕ್ಕಡುವ, ಗಾಲೆ, ಮಿರಿಸ್ಸಾ, ತಂಗಾಲೆ. ಇದೇ ದಾರಿಯನ್ನು ಎರಡು ಸಲ ಸುತ್ತಿದ್ದೇನೆ. 2023ರ ಮಾರ್ಚ್‌ನಲ್ಲಿ ನಾನು, ನನ್ನ ಗಂಡ ಬಾಡಿಗೆ ಕಾರು ತಗೊಂಡು ನಾವೇ ಓಡಿಸಿದೆವು. ಮರುವರ್ಷ ಫೆಬ್ರವರಿಯಲ್ಲಿ ಅಮ್ಮನನ್ನೂ ಕರೆದುಕೊಂಡು ಡ್ರೈವರ್ ಜೊತೆ ಹೋದೆವು.

ಮೊದಲ ಸಲದ ಗೋಳೆಲ್ಲ ಲೈಸೆನ್ಸಿನದು. ಆರ್‌ಟಿಒದಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೈಯಲ್ಲಿತ್ತು, ಅಷ್ಟು ಸಾಕು ಅಂದುಕೊಂಡಿದ್ದೆವು. ಸಾಕಾಗಲಿಲ್ಲ. ಅದನ್ನು ಕೊಲಂಬೊದ ಆಟೋಮೊಬೈಲ್ ಅಸೋಸಿಯೇಷನ್‌ಗೆ ತೋರಿಸಿ ಅಲ್ಲಿಯದೊಂದು ಒಪ್ಪಿಗೆ ಚೀಟಿ ತರಬೇಕಿತ್ತು. ಅದಿಲ್ಲದೆ ಕೀ ಕೊಡಲ್ಲ ಅಂದರು ಬಾಡಿಗೆಯವರು. ಬುಕ್ ಮಾಡುವಾಗ ಇದನ್ನು ಒಂದು ಮಾತು ಹೇಳಬಹುದಿತ್ತು, ಅಲ್ವಾ?

ನಾವು ಇಳಿದಿದ್ದು ಶನಿವಾರ ಸಂಜೆ. ಭಾನುವಾರ ಆಫೀಸಿಗೆ ರಜೆ. ಸರಿ, ಸೋಮವಾರ ಬೆಳಿಗ್ಗೆಯೇ ಹೋಗಿ ನಿಂತರಾಯಿತು ಅಂದುಕೊಂಡರೆ ಆವತ್ತು ಮಾರ್ಚ್ 6, ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ದಿನ, ಇಡೀ ದೇಶಕ್ಕೆ ರಜೆ. ಏಳು ದಿನದ ಪ್ರವಾಸದಲ್ಲಿ ಎರಡು ದಿನ ಕೊಲಂಬೊದ ರೂಮಿನಲ್ಲೇ ಕಳೆಯಿತು. ಹಿಕ್ಕಡುವದಲ್ಲಿ ಮುಂಗಡ ಕಟ್ಟಿದ್ದ ರೂಮಿನ ದುಡ್ಡೂ ಹೋಯಿತು. ಮಂಗಳವಾರ ಆಫೀಸಿನಲ್ಲಿ ಕೆಲಸ ಬೇಗ ಮುಗಿಯಿತು. ಅಷ್ಟು ಸಣ್ಣ ಕೆಲಸಕ್ಕೆ ಎರಡು ದಿನ ಹೋಯಿತಲ್ಲ ಅನ್ನುವುದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

2025ರ ಆಗಸ್ಟ್‌ನಿಂದ ಕೊಲಂಬೊ ಹತ್ತಿರದ ಕಟುನಾಯಕ ವಿಮಾನ ನಿಲ್ದಾಣದಲ್ಲೇ ವಿದೇಶಿಯರಿಗೆ ತಾತ್ಕಾಲಿಕ ಲೈಸೆನ್ಸ್ ಕೊಡುವ ಕೌಂಟರ್ ಇದೆ, ಹಾಗಾಗಿ ಈ ತೊಂದರೆ ಈಗ ಕಮ್ಮಿ. ಆದರೂ ಹುಣ್ಣಿಮೆ ಯಾವತ್ತು ಅಂತ ನೋಡಿಕೊಂಡೇ ಟಿಕೆಟ್ ಮಾಡಿ.

ಓಡಿಸುವುದೇನೂ ಕಷ್ಟವಲ್ಲ. ನಮ್ಮ ಹಾಗೆ ಎಡಗಡೆಯ ಸಂಚಾರ. ಕೊಲಂಬೊ ಹತ್ತಿರದ ಕೊಟ್ಟಾವದಿಂದ ಗಾಲೆಗೆ ಎಕ್ಸ್‌ಪ್ರೆಸ್‌ವೇ ಹಿಡಿದರೆ ಹೆಚ್ಚುಕಮ್ಮಿ ಒಂದು ಗಂಟೆ. ಆದರೆ ಅದು ಒಳನಾಡಿನಲ್ಲಿ ಹೋಗುವ ರಸ್ತೆ, ಅಲ್ಲಿಂದ ಸಮುದ್ರ ಕಾಣಲ್ಲ. ಸಮುದ್ರ ಬೇಕು ಅಂದರೆ ಹಳೆಯ ಎ2 ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಬಸ್ಸುಗಳು ಹಾರ್ನ್ ಹೊಡೆದುಕೊಂಡು ಎದುರಿಗೇ ನುಗ್ಗಿ ಬರುತ್ತವೆ. ಸ್ಟೇರಿಂಗ್ ಹಿಡಿದ ನನ್ನ ಗಂಡ ಕೊಗ್ಗಲದಲ್ಲಿ ನೀರಿನೊಳಗೆ ಕೋಲು ನೆಟ್ಟು ಮೇಲೆ ಕೂತು ಮೀನು ಹಿಡಿಯುವವರನ್ನು ನೋಡಲೇ ಇಲ್ಲ. ನಾನು 'ನೋಡಿ, ನೋಡಿ' ಅನ್ನುವಷ್ಟರಲ್ಲಿ ಕಾರು ದಾಟಿ ಹೋಗಿತ್ತು. ಪೆಟ್ರೋಲಿಗೂ ಆಗ ಕ್ಯೂಆರ್ ಕೋಡ್ ರೇಷನ್ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದರು.

ಎರಡನೇ ಸಲ ಬಂದ ಡ್ರೈವರ್‌ಗೆ ಇಪ್ಪತ್ತೈದು ವರ್ಷ ಇರಬಹುದು. ನನ್ನನ್ನು 'ಅಕ್ಕ' ಅಂದ, ಅಮ್ಮನನ್ನು 'ಅಮ್ಮ' ಅಂದ. ಸಿಂಹಳದಲ್ಲೂ ಅವೇ ಮಾತುಗಳು, ಅರ್ಥವೂ ಅದೇ. ಅಮ್ಮನಿಗೆ ಅಲ್ಲಿಗೇ ಅವನ ಮೇಲೆ ಅಕ್ಕರೆ ಬಂತು. ಹಿಕ್ಕಡುವ ದಾಟುತ್ತಿದ್ದ ಹಾಗೆ ರಸ್ತೆ ಬದಿಯಲ್ಲಿ ನಿಲ್ಲಿಸಿ ತಂಬಿಲಿ ಕೊಡಿಸಿದ. ತಂಬಿಲಿ ಅಂದರೆ ಅಲ್ಲಿಯ ಕಿತ್ತಳೆ ಬಣ್ಣದ ಎಳನೀರು. ನೀರು ಕುಡಿದಾದ ಮೇಲೆ ಅಂಗಡಿಯವನು ಕಾಯಿ ಸೀಳಿ, ಅದರ ಸಿಪ್ಪೆಯದೇ ಒಂದು ಚೂರು ಕೆತ್ತಿ ಕೊಟ್ಟ. ಅದರಲ್ಲಿ ಗಂಜಿ ಕೆರೆದು ತಿನ್ನುತ್ತಾ ಅಮ್ಮ ಅರ್ಧ ಗಂಟೆ ಅಲುಗಲಿಲ್ಲ. ನಾವೇ ಓಡಿಸಿದ್ದರೆ ಪಾರ್ಕಿಂಗ್ ಹುಡುಕುವ ಗಡಿಬಿಡಿಯಲ್ಲಿ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಖರ್ಚು ಜಾಸ್ತಿ, ನಿಜ. ಡ್ರೈವರ್‌ನ ಊಟ, ರೂಮಿನ ಖರ್ಚು ಕಾರಿನ ಬಾಡಿಗೆಯಲ್ಲೇ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಾವು ಮೂವರಿದ್ದೆವು, ಹಂಚಿಕೊಂಡಾಗ ಭಾರ ಅನಿಸಲಿಲ್ಲ. ದಿನದ ಲೆಕ್ಕದಲ್ಲಿ ದುಡ್ಡು ಕೊಡುವುದರಿಂದ ಒಂದೇ ಊರಿನಲ್ಲಿ ನಾಲ್ಕು ದಿನ ಸುಮ್ನೆ ಕೂರುವವರಿಗೆ ಮಾತ್ರ ಇದು ದಂಡ. ವೆಲಿಗಾಮದಲ್ಲಿ ಸರ್ಫಿಂಗ್ ಕಲಿಯಲು ಹೋಗುವವರು ಕಾರಿನ ಗೊಡವೆಯೇ ಬಿಟ್ಟು ಕೊಲಂಬೊ ಫೋರ್ಟ್‌ನಿಂದ ಮಾತರದ ರೈಲು ಹತ್ತಿ. ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ ಇರುತ್ತದೆ.

ನನಗೆ ಒಂದೇ ಕಡೆ ಕೂರಲು ಆಗಲ್ಲ, ಹತ್ತು ಕಡೆ ಇಳಿಯಬೇಕು. ಮುಂದಿನ ಸಲ ಪೂರ್ವ ಕರಾವಳಿಯ ಅರುಗಮ್ ಬೇ ಕಡೆಗೆ, ಜೂನ್‌ನಲ್ಲಿ. ಆಗ ದಕ್ಷಿಣದಲ್ಲಿ ಮಳೆಗಾಲ, ಆ ಕಡೆ ಬಿಸಿಲು. ಅದೇ ಹುಡುಗನಿಗೆ ಹೇಳಿಟ್ಟಿದ್ದೇನೆ. ಈ ಸಲವೂ ಅಮ್ಮ ಬರುತ್ತಾರೆ.