ಮಾಡೆಲ್ ಬೋಟ್ ಶಾಫ್ಟ್ ಸದ್ದು: ನಾಲ್ಕು ಕಪ್ಲಿಂಗ್‌ಗಳ ಹೋಲಿಕೆ

ಬೋಟ್ ಒಂದೇ: ಫೈಬರ್ ಹಲ್ (ಬೋಟ್‌ನ ಒಡಲು), 7.2 ವೋಲ್ಟ್‌ಗೆ 540 ಅಳತೆಯ ಮೋಟರ್, 300 ಮಿ.ಮೀ. ಉದ್ದದ 4 ಮಿ.ಮೀ. ಸ್ಟೀಲ್ ಶಾಫ್ಟ್ (ಪ್ರೊಪೆಲರ್ ತಿರುಗಿಸುವ ಸರಳು). ಬದಲಿಸಿದ್ದು ಕಪ್ಲಿಂಗ್, ಅಂದರೆ ಮೋಟರನ್ನು ಶಾಫ್ಟ್‌ಗೆ ಜೋಡಿಸುವ ತುಂಡು ಮಾತ್ರ.

ಸಿಲಿಕೋನ್ ಟ್ಯೂಬ್ ಅಗ್ಗ. ನಿಧಾನ ಓಟದಲ್ಲಿ ಇದರಷ್ಟು ಸದ್ದಿಲ್ಲದ್ದು ಬೇರೆ ಇಲ್ಲ. ಥ್ರಾಟಲ್ ಏರಿದಂತೆ ತಿರುಚಿಕೊಂಡು ಬಡಿಯುತ್ತದೆ, ರಿವರ್ಸ್ ಕೊಟ್ಟರೆ ಜಾರುತ್ತದೆ. ಎರಡು ತುದಿಗಳ ನಡುವೆ 2 ಮಿ.ಮೀ.ಗಿಂತ ಹೆಚ್ಚು ಸಂದು ಬಿಡದೆ ತಂತಿ ಸುತ್ತಿ ಬಿಗಿದರೆ ಚಿಕ್ಕ 385 ಮೋಟರ್‌ಗೆ ಸಾಕು. 540ಕ್ಕೆ ಬೇಡ.

ಒಂಟಿ ಪ್ಲಾಸ್ಟಿಕ್ ಯೂನಿವರ್ಸಲ್ ಜಾಯಿಂಟ್ (ಕೋನದಲ್ಲೂ ತಿರುಗುವ ಕೀಲು) ನಮಗಂತೂ ಹಿಡಿಸಲಿಲ್ಲ. ಮೋಟರ್ ಕೋನದಲ್ಲಿ ಕೂತಿದ್ದರೆ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟ್ ವೇಗ ಏರಿಳಿಯುತ್ತದೆ. ಪಿನ್ ಸವೆದ ಮೇಲೆ ಟಕಟಕ ಬೇರೆ.

ಹಿತ್ತಾಳೆಯ ಡಬಲ್ ಜಾಯಿಂಟ್‌ನಲ್ಲಿ ಎರಡೂ ಕಡೆಯ ಕೋನ ಸಮನಾಗಿದ್ದು, ನಡುತುಂಡಿನ ಎರಡು ಕವಲುಗಳೂ ಒಂದೇ ಸಮತಲದಲ್ಲಿದ್ದರೆ ಆ ಏರಿಳಿತ ಪರಸ್ಪರ ವಜಾ ಆಗುತ್ತದೆ. ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ಸ್ಕ್ರೂ) ಕೂರುವಲ್ಲಿ ಶಾಫ್ಟನ್ನು ಅರದಿಂದ ಚಪ್ಪಟೆ ಮಾಡಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕರ್ ಅಂಟು ಹಚ್ಚಿ. ನಮ್ಮ ಆಯ್ಕೆ ಇದೇ.

ರಿಜಿಡ್ (ಬಾಗದ) ಕಪ್ಲಿಂಗ್ ನೇರ ಕೂತರೆ ಡಬಲ್ ಜಾಯಿಂಟ್‌ಗಿಂತಲೂ ಶಾಂತ. ಆದರೆ ಹಲ್ ಸ್ವಲ್ಪ ಬಾಗಿದರೂ ಬುಷ್ (ಶಾಫ್ಟ್ ಒಳಗೆ ತಿರುಗುವ ಬಳೆ) ತಿನ್ನುತ್ತದೆ, ಮೋಟರ್ ಕೆಳಗೆ ರಬ್ಬರ್ ಹಾಕುವಂತಿಲ್ಲ. ಹಾಗಿದ್ದರೂ ಒಂದು ಇಟ್ಟುಕೊಳ್ಳಿ: ಪೀಣ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ಒಂದು ಕಡೆ 4, ಇನ್ನೊಂದು ಕಡೆ ಮೋಟರ್ ಶಾಫ್ಟಿಗೆ 3.17 ಮಿ.ಮೀ. ತೂತಿನ ಹಿತ್ತಾಳೆ ತುಂಡು ಮಾಡಿಸಿ. ಅದನ್ನು ಹಾಕಿಯೇ ಮೋಟರ್ ಬ್ರಾಕೆಟ್‌ಗೆ ಅರಾಲ್ಡೈಟ್ ಹಚ್ಚಿ; ಆಗ ಮೋಟರ್, ಶಾಫ್ಟ್ ಎರಡೂ ಒಂದೇ ನೇರಕ್ಕೆ ಕೂರುತ್ತವೆ. ಪೂರ್ತಿ ಗಟ್ಟಿಯಾದ ಮೇಲೆ ತೆಗೆದು, ಬೇಕಾದ ಕಪ್ಲಿಂಗ್ ಹಾಕಿ. ಕಪ್ಲಿಂಗ್ ಯಾವುದೇ ಇರಲಿ, ಅರ್ಧ ತಂಟೆ ಇಲ್ಲೇ ಮುಗಿಯುತ್ತದೆ.

ಇನ್ನರ್ಧ ಕಪ್ಲಿಂಗ್‌ನದಲ್ಲ. ನಡು ಥ್ರಾಟಲ್‌ನ ಗುರ್ ಸದ್ದು ನಾಲ್ಕರಲ್ಲೂ ಬಂತು, ಏಕೆಂದರೆ ಎರಡು ತುದಿಗಳಲ್ಲಷ್ಟೇ ಬುಷ್ ಇರುವ ಈ ಅಳತೆಯ ಶಾಫ್ಟ್ ಸುಮಾರು 5,200 ಆರ್‌ಪಿಎಂ ಹತ್ತಿರ ಬಿಲ್ಲಿನಂತೆ ಬಾಗಿ ತನ್ನನ್ನು ಸುತ್ತುವರಿದ ಶಾಫ್ಟ್ ಟ್ಯೂಬಿಗೆ ಹೊಡೆಯುತ್ತದೆ. ಸರಿಯಾಗಿ ನಡುವೆ ಇನ್ನೊಂದು ಬುಷ್ ಕೂರಿಸಿದರೆ ಆ ಮಿತಿ ನಾಲ್ಕು ಪಟ್ಟು ಮೇಲೇರುತ್ತದೆ, 540 ಅಲ್ಲಿಗೆ ಮುಟ್ಟುವುದೇ ಇಲ್ಲ. ಹಿತ್ತಾಳೆ ಬುಷ್ಷೇ ಇರಲಿ; ನೈಲಾನ್ ನೀರು ಹೀರಿ ಉಬ್ಬಿ ಶಾಫ್ಟ್ ಹಿಡಿದುಬಿಡುತ್ತದೆ.

ಆಮೇಲೂ ಸದ್ದಿದ್ದರೆ ಮೊದಲು ಮೋಟರ್ ಒಂದನ್ನೇ ಓಡಿಸಿ, ನಂತರ ಪ್ರೊಪೆಲರ್ ಇಲ್ಲದೆ ಶಾಫ್ಟ್ ಸೇರಿಸಿ, ಕೊನೆಗೆ ಪ್ರೊಪೆಲರ್ ಹಾಕಿ. ಸದ್ದು ಯಾವ ಹಂತದಲ್ಲಿ ಸೇರಿತೋ ತಪ್ಪು ಅಲ್ಲೇ. ಕೊನೆಯ ಹಂತದಲ್ಲಾದರೆ ಭಾರದ ಎಲೆಯ ಹಿಂಬದಿಯನ್ನು ಉಜ್ಜಿ ತೂಕ ಸರಿಮಾಡಿ. ಟ್ಯೂಬಿನ ಗ್ರೀಸ್ ಬೆಳ್ಳಗಾಗಿದ್ದರೆ ನೀರು ಸೇರಿದೆ. ಶಾಫ್ಟ್ ಎಳೆದು ಒರೆಸಿ ಹೊಸದು ತುಂಬಿ.