ವಾಕಿಂಗ್ ಫುಟ್ ಮಷಿನ್ ಬಟ್ಟೆ ಎಳೆಯುತ್ತಿಲ್ಲವೇ? ಟೈಮಿಂಗ್ ಮುಟ್ಟಬೇಡಿ, ಮೊದಲು ಪ್ಲೇಟ್ ಬಿಚ್ಚಿ

ನನ್ನದು ವಾಕಿಂಗ್ ಫುಟ್ ಹೊಲಿಗೆ ಮಷಿನ್, ಅಂದರೆ ದಪ್ಪ ಬಟ್ಟೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಿಡಿದು ಸಾಗಿಸುವಂಥದ್ದು. ಅದು ಹದಿನೈದು ದಿನ ಕೆಲಸವಿಲ್ಲದೆ ನಿಂತಿತ್ತು. ಕೆಳಗಡೆ ತಿರುಗುತ್ತಾ ಸೂಜಿಯ ದಾರ ಹಿಡಿಯುವ ಹುಕ್ ಒಂದು ಹಾಳಾಯಿತು. ಮುರಿದ ಸೂಜಿಗಳನ್ನು ಎಣಿಸುವುದನ್ನೇ ಬಿಟ್ಟಿದ್ದೆ. ಇಷ್ಟಕ್ಕೂ ಮೂಲ ತೊಂದರೆ ಅರ್ಧ ಗಂಟೆಯಲ್ಲಿ ಸರಿಯಾಗುವಂಥದ್ದು. ನೀವೂ ಇದೇ ದಾರಿ ಹಿಡಿಯಬಾರದು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೀಗೆ. ಕ್ಯಾನ್ವಾಸ್ ಚೀಲ ಹೊಲಿಯುತ್ತಿದ್ದೆ. ಎರಡು ಪದರ ಇದ್ದಲ್ಲಿ ಹೊಲಿಗೆ ಚೆನ್ನಾಗಿಯೇ ಬರುತ್ತಿತ್ತು. ಮಡಿಕೆ ಬಂದು ಐದಾರು ಪದರ ಸೇರಿದ ಕಡೆ ಹೊಲಿಗೆ ಒತ್ತೊತ್ತಾಗಿ ಒಂದೇ ಜಾಗದಲ್ಲಿ ಕೂರುತ್ತಿತ್ತು. ದಪ್ಪ ಜಾಸ್ತಿಯಾದಾಗ ಹೊಲಿಗೆ ಸ್ವಲ್ಪ ಚಿಕ್ಕದಾಗುವುದು ಸಹಜ. ಆದರೆ ಹೊಲಿಗೆ ಉದ್ದದ ಡಯಲ್ 6 ಮಿ.ಮೀ.ನಲ್ಲಿ ಇಟ್ಟು ಹತ್ತು ಹೊಲಿಗೆ ಅಳೆದರೆ 41 ಮಿ.ಮೀ. ಬಂತು. 60ರ ಹತ್ತಿರ ಇರಬೇಕಿತ್ತು, ಅಲ್ವಾ?

ಹಿಡಿತ ಸಾಲದೇನೋ ಅಂದುಕೊಂಡು, ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಪ್ರೆಸರ್ ಫುಟ್‌ನ ಒತ್ತಡದ ಸ್ಕ್ರೂ ಬಿಗಿ ಮಾಡಿದೆ. ಅದು ಮೊದಲ ತಪ್ಪು. ಹೊಲಿಗೆ ಉದ್ದವಾಗಲಿಲ್ಲ, ಬಟ್ಟೆಯ ಮೇಲೆ ಫುಟ್‌ನ ಗುರುತು ಮಾತ್ರ ಬಿತ್ತು. ಮೇಲಿನ ಪದರ ಬೇರೆ ಜರುಗತೊಡಗಿತು. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹಿಂದಿನಿಂದ ಬಟ್ಟೆಯನ್ನು ಕೈಯಲ್ಲಿ ಎಳೆಯುತ್ತಾ ಹೊಲಿದೆ.

ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಈ ಮಷಿನ್‌ನಲ್ಲಿ ಸೂಜಿ ಸುಮ್ನೆ ಮೇಲೆ ಕೆಳಗೆ ಹೋಗುವುದಿಲ್ಲ. ಬಟ್ಟೆಯೊಳಗೆ ಇಳಿದ ಮೇಲೆ, ಒಳಗೊಂದು ಹೊರಗೊಂದು ಇರುವ ಎರಡು ಫುಟ್‌ಗಳ ಪೈಕಿ ಒಳಗಿನ ಫುಟ್ ಮತ್ತು ಕೆಳಗಿನ ಫೀಡ್ ಡಾಗ್ (ಬಟ್ಟೆ ಸಾಗಿಸುವ ಹಲ್ಲಿನ ತುಂಡು) ಜೊತೆ ಸೂಜಿಯೂ ಹಿಂದಕ್ಕೆ ನಡೆಯುತ್ತದೆ. ಆ ಹೊತ್ತಿನಲ್ಲಿ ನೀವು ಎಳೆದರೆ ಸೂಜಿ ಬಾಗುತ್ತದೆ. ಹುಕ್‌ನ ಮೊನೆ ಸೂಜಿಯ ಪಕ್ಕದಲ್ಲಿ ಕೂದಲೆಳೆಯಷ್ಟೇ ಜಾಗ ಬಿಟ್ಟು ಹಾದುಹೋಗುತ್ತದೆ. ಬಾಗಿದ ಸೂಜಿ ಅದಕ್ಕೆ ತಾಗದೆ ಇರುತ್ತದೆಯೇ? ನನ್ನ ಹುಕ್‌ನ ಮೊನೆ ಒರಟಾಗಿದ್ದು ಹಾಗೆ. ಅಲ್ಲಿಂದ ದಾರ ಹರಿಯುವುದು, ಹೊಲಿಗೆ ತಪ್ಪುವುದು ಶುರುವಾಯಿತು.

ಒಂದು ದಿನ ದಾರ ಹುಕ್‌ಗೆ ಸುತ್ತಿಕೊಂಡು ಟಪ್ ಅಂತ ಸದ್ದಾಯಿತು. ಸೂಜಿ ಓಡಾಡುತ್ತಿದೆ, ಹುಕ್ ತಿರುಗುತ್ತಿಲ್ಲ. ಟೈಮಿಂಗ್, ಅಂದರೆ ಸೂಜಿ, ಹುಕ್, ಫೀಡ್ ಒಂದಕ್ಕೊಂದು ಹೊಂದಿಕೊಂಡು ಓಡುವ ಲೆಕ್ಕ, ಹೋಯಿತು ಅಂತ ಹೆದರಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಸೂಜಿಯ ಕೆಳಗಿನ ಪ್ಲೇಟ್ ಬಿಚ್ಚಿ ನೋಡಲೂ ಇಲ್ಲ. ನೇರವಾಗಿ ಮಷಿನ್ ಮಗುಚಿ ಕೆಳಗಿನ ಸ್ಕ್ರೂಗಳನ್ನು ಸಡಿಲಿಸಿ, ಹುಕ್ ಮತ್ತು ಫೀಡ್ ಎರಡನ್ನೂ ತಿರುಗಿಸಿಟ್ಟರು. ಅವರು ಹೋದ ಮೇಲೆ ಸೂಜಿ ಫೀಡ್ ಡಾಗ್‌ನ ತೂತಿನ ಅಂಚಿಗೇ ಬಡಿಯತೊಡಗಿತು. ಈಗ ನಿಜವಾಗಿಯೂ ಟೈಮಿಂಗ್ ಹೋಗಿತ್ತು.

ಆ ಟಪ್ ಸದ್ದು ಏನೆಂದು ನನಗೆ ಆಮೇಲೆ ಗೊತ್ತಾಯಿತು. ಇಂಥ ಎಷ್ಟೋ ಮಷಿನ್‌ಗಳಲ್ಲಿ ಸೇಫ್ಟಿ ಕ್ಲಚ್ ಇರುತ್ತದೆ. ದಾರ ಸಿಕ್ಕಿಕೊಂಡಾಗ ಹುಕ್ ಮುರಿಯದಿರಲಿ ಅಂತ ಅದೇ ಬಿಟ್ಟುಕೊಳ್ಳುತ್ತದೆ. ಸಿಕ್ಕಿದ ದಾರ ತೆಗೆದು, ಬೆಡ್ (ಬಟ್ಟೆ ಇಡುವ ಮಷಿನ್ ತಳ) ಮೇಲಿನ ಗುಂಡಿ ಒತ್ತಿ ಹಿಡಿದು, ಕೈಯಲ್ಲಿ ಚಕ್ರ ತಿರುಗಿಸಿದರೆ ಕ್ಲಿಕ್ ಅಂತ ಮತ್ತೆ ಕೂರುತ್ತದೆ. ಸ್ಕ್ರೂ ಡ್ರೈವರ್ ಬೇಕೇ ಇರಲಿಲ್ಲ. ನಿಮ್ಮ ಮಷಿನ್‌ನಲ್ಲಿ ಆ ಗುಂಡಿ ಎಲ್ಲಿದೆ ಅಂತ ಇವತ್ತೇ ಪುಸ್ತಕ ತೆಗೆದು ನೋಡಿಟ್ಟುಕೊಳ್ಳಿ.

ಎರಡನೇ ಮೆಕ್ಯಾನಿಕ್ ಬಂದವರು ಮೊದಲು ಮಾಡಿದ ಕೆಲಸವೇ ಸೂಜಿ, ಫುಟ್ ತೆಗೆದು ಪ್ಲೇಟ್ ಬಿಚ್ಚಿದ್ದು. ಫೀಡ್ ಡಾಗ್‌ನ ಹಲ್ಲುಗಳ ಸಂದಿಯಲ್ಲಿ ಡಬಲ್ ಸೈಡ್ ಟೇಪಿನ ಅಂಟು, ಕ್ಯಾನ್ವಾಸ್ ನಾರು ಸೇರಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಹಲ್ಲೇ ಇಲ್ಲದಂತೆ ನುಣುಪಾಗಿತ್ತು! ಜೊತೆಗೆ ಫೀಡ್ ಡಾಗ್ ಹಿಡಿದಿಡುವ ಸ್ಕ್ರೂ ಸಡಿಲವಾಗಿ, ಬೆರಳಲ್ಲಿ ಮುಟ್ಟಿದರೆ ಅಲುಗುತ್ತಿತ್ತು. ಬಟ್ಟೆ ಹಿಂದಕ್ಕೆ ಹೋಗುವುದಾದರೂ ಹೇಗೆ? ಮೊದಲ ದಿನ ನಾನೇ ಪ್ಲೇಟ್ ತೆಗೆದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅವರು ಕಲಿಸಿಕೊಟ್ಟ ಪರೀಕ್ಷೆಯನ್ನು ಈಗ ತಪ್ಪದೆ ಮಾಡುತ್ತೇನೆ. ಮೇಲಿನ ದಾರ, ಬಾಬಿನ್ ಎರಡೂ ತೆಗೆದು, ದಪ್ಪ ರಟ್ಟಿನ ತುಂಡೊಂದನ್ನು ಇಟ್ಟು ನಿಧಾನವಾಗಿ ಓಡಿಸಿ. ತೂತುಗಳ ನಡುವಿನ ಅಂತರ ಒಂದೇ ಸಮ ಇದೆಯೇ ನೋಡಿ. ರಿವರ್ಸ್ ಹಾಕಿದಾಗ ಸೂಜಿ ಹೆಚ್ಚುಕಡಿಮೆ ಅದೇ ತೂತುಗಳಿಗೆ ಬೀಳಬೇಕು. ಆಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸಿ: ಸೂಜಿ, ಒಳಗಿನ ಫುಟ್, ಫೀಡ್ ಡಾಗ್ ಮೂರೂ ಒಟ್ಟಿಗೆ ಹಿಂದಕ್ಕೆ ಹೋಗುತ್ತಿವೆಯೇ? ಅವು ಮುಂದಕ್ಕೆ ವಾಪಸ್ ಬರುವಾಗ ಹೊರಗಿನ ಫುಟ್ ಬಟ್ಟೆಯನ್ನು ಒತ್ತಿ ಹಿಡಿದಿದೆಯೇ? ದಪ್ಪ ಮಡಿಕೆ ಹತ್ತುವಾಗ ಫುಟ್ ತಡವರಿಸಿದರೆ ಒತ್ತಡ ಹೆಚ್ಚಿಸಬೇಡಿ, ಫುಟ್ ಎತ್ತುವ ಎತ್ತರವನ್ನು ಸ್ವಲ್ಪ ಜಾಸ್ತಿ ಮಾಡಿ. ಸೂಜಿಯೂ ಕೆಲಸಕ್ಕೆ ತಕ್ಕಂತಿರಲಿ. ನಾನು ದಪ್ಪ ದಾರಕ್ಕೂ 18 ನಂಬರ್ ಸೂಜಿಯನ್ನೇ ಹಾಕುತ್ತಿದ್ದೆ. ಈಗ 22 ಹಾಕುತ್ತೇನೆ, ಅದು ಅಷ್ಟು ಸುಲಭಕ್ಕೆ ಬಾಗುವುದಿಲ್ಲ.

ಮೆಕ್ಯಾನಿಕ್ ಕರೆಸಲೇಬೇಕಾಗಿ ಬಂದರೆ, ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲೇ ಕೇಳಿ: "ಪ್ಲೇಟ್ ಬಿಚ್ಚಿ ನೋಡಿದ್ರಾ?" ಟೈಮಿಂಗ್ ಮುಟ್ಟಲೇಬೇಕು ಅಂದರೆ ಯಾಕೆ ಅಂತ ತೋರಿಸಲಿ. ಬಿಚ್ಚುವ ಮೊದಲು ಸ್ಕ್ರೂ ಇರುವ ಜಾಗಕ್ಕೆ ಗೆರೆ ಎಳೆದು, ಫೋಟೋ ತೆಗೆದಿಟ್ಟುಕೊಳ್ಳಿ. ನಾಚಿಕೆ ಬೇಡ, ಮಷಿನ್ ನಿಮ್ಮದು.

ನನ್ನದಕ್ಕೆ ಹೊಸ ಹುಕ್ ಹಾಕಿ, ಟೈಮಿಂಗ್ ಮತ್ತೆ ಕೂರಿಸಿದ್ದಾಯಿತು. ಒತ್ತಡದ ಸ್ಕ್ರೂ ಮೊದಲಿದ್ದ ಜಾಗಕ್ಕೆ ಬಂತು. ನಿನ್ನೆ ಅದೇ ಕ್ಯಾನ್ವಾಸಿನ ಮಡಿಕೆ ಮೇಲೆ ಹತ್ತು ಹೊಲಿಗೆ ಅಳೆದೆ. 57 ಮಿ.ಮೀ. ಬಂತು. ಕೈ ಹಚ್ಚಿ ಎಳೆದಿರಲಿಲ್ಲ.