ರಾಯಚೂರು ಕದನವನ್ನು ಮೇಜಿನ ಮೇಲೆ ಆಡಲು ಯಾವ ನಿಯಮಾವಳಿ?

1520ರ ಮೇ 19ರಂದು ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಕದನವನ್ನು ಪುಟಾಣಿ ಸೈನಿಕರ ಬೊಂಬೆಗಳಿಂದ ಆಡಬೇಕೆಂದು ರಾಯಚೂರಿನ ನಾವು ಕೆಲವು ಗೆಳೆಯರು ಮನಸ್ಸು ಮಾಡಿದೆವು. ಈ ಕದನಕ್ಕೆಂದೇ ಬರೆದ ನಿಯಮಾವಳಿ ನಮ್ಮ ಕೈಗೆ ಸಿಗಲಿಲ್ಲ. ಆದ್ದರಿಂದ ಹೊರದೇಶಗಳಲ್ಲಿ ಬಳಕೆಯಲ್ಲಿರುವ ಮೂರು ನಿಯಮಾವಳಿಗಳನ್ನು ಒಂದೇ ಹಲಗೆಯ ಮೇಲೆ, ಒಂದೇ ಬೊಂಬೆಗಳಿಂದ ಆಡಿ ನೋಡಿ, ಯಾವುದನ್ನು ಎಷ್ಟು ತಿದ್ದಿದರೆ ನಮ್ಮ ಕದನಕ್ಕೆ ಒಗ್ಗುತ್ತದೆ ಎಂಬುದನ್ನು ಹೋಲಿಸಿದೆವು.

ಹೋಲಿಕೆಗೆ ಅಳತೆಗೋಲು ಕದನವೇ. ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಹೇಳುವ ಪ್ರಕಾರ, ಕೃಷ್ಣಾ ನದಿಯನ್ನು ದಾಟಿ ಬಂದ ಶಾಹನು ಹೊಳೆಯನ್ನು ಬೆನ್ನಿಗಿಟ್ಟುಕೊಂಡು ಕಂದಕ ತೋಡಿ ಕುಳಿತಿದ್ದನು. ವಿಜಯನಗರದ ಮುಂಪಡೆ ಕಂದಕದವರೆಗೂ ನುಗ್ಗಿದಾಗ ಅವನ ಫಿರಂಗಿಗಳೆಲ್ಲ ಒಮ್ಮೆಲೇ ಸಿಡಿದು ಆ ಪಡೆ ಚೆದುರಿಹೋಯಿತು. ಬಿಜಾಪುರದವರು ಅದನ್ನು ಬೆನ್ನಟ್ಟುತ್ತ ಸಾಲು ಕೆಡಿಸಿಕೊಂಡಾಗ, ತಾನು ಸತ್ತರೆ ರಾಣಿಯರಿಗೆ ತೋರಿಸೆಂದು ಉಂಗುರವನ್ನು ಸೇವಕನ ಕೈಗಿತ್ತ ರಾಯನು ಎರಡನೆಯ ಸಾಲಿನೊಂದಿಗೆ ಕುದುರೆಯೇರಿ ಮುಂದುವರಿದು ಶತ್ರುವನ್ನು ಹೊಳೆಗೆ ತಳ್ಳಿದನು. ಒಮ್ಮೆಲೇ ಸಿಡಿಯುವ ಫಿರಂಗಿ, ಮುರಿದು ಮತ್ತೆ ನಿಲ್ಲುವ ಸೈನ್ಯ, ಅರಸನ ಸ್ವಂತ ನಿರ್ಧಾರ, ಬೆನ್ನ ಹಿಂದಿನ ಹೊಳೆ: ಈ ನಾಲ್ಕೂ ಮೇಜಿನ ಮೇಲೆ ಕಾಣದಿದ್ದರೆ ನಾವು ಆಡಿದ್ದು ರಾಯಚೂರು ಕದನವಲ್ಲ, ಬೇರೆ ಯಾವುದೋ ಕದನ.

ಒನ್ ಅವರ್ ವಾರ್‌ಗೇಮ್ಸ್ ಮೂರರಲ್ಲಿ ಅತ್ಯಂತ ಸರಳವಾದುದು. ಮೂರಡಿ ಚೌಕದ ಹಲಗೆ ಸಾಕು. ಪ್ರತಿ ಪಕ್ಷಕ್ಕೆ 6 ತುಕಡಿ, ಆಟಕ್ಕೆ 15 ಸರದಿ, 15 ಪೆಟ್ಟು ತಿಂದ ತುಕಡಿ ಹೊರಗೆ. ಹೊಸಬರಿಗೆ ಕಲಿಸಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಇದರಲ್ಲಿ ದಂಡನಾಯಕನೇ ಇಲ್ಲ, ತುಕಡಿಗಳು ಎದೆಗುಂದುವುದೂ ಇಲ್ಲ. ಪೆಟ್ಟು ತುಂಬುವವರೆಗೂ ಪೂರ್ಣ ಬಲದಿಂದ ಕಾದು, ಆಮೇಲೆ ಒಮ್ಮೆಗೇ ಮಾಯವಾಗುತ್ತವೆ. ಉಂಗುರ ಕೊಟ್ಟು ಮುನ್ನುಗ್ಗಿದ ರಾಯನಿಗೆ ಇಲ್ಲಿ ಮಾಡಲು ಕೆಲಸವೇ ಇರಲಿಲ್ಲವಾದ್ದರಿಂದ ಇದನ್ನು ಬೇಗನೆ ಬದಿಗಿಟ್ಟೆವು.

ನಾವು ಬಹಳ ಕಾಲ ತೊಡಗಿದ್ದು ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್‌ನಲ್ಲಿ. ಆಡುವವರು ಇದನ್ನು ಡಿಬಿಎ ಎನ್ನುತ್ತಾರೆ. ಮೊದಲು ಪ್ರಕಟವಾದದ್ದು 1990ರಲ್ಲಿ. ಸೈನ್ಯ ಎಷ್ಟೇ ದೊಡ್ಡದಿರಲಿ, ಪ್ರತಿ ಪಕ್ಷಕ್ಕೆ 12 ಬೇಸುಗಳು (ಬೊಂಬೆಗಳನ್ನು ಅಂಟಿಸಿದ ಚಿಕ್ಕ ತಳಹಲಗೆಗಳು) ಮಾತ್ರ. ನಮಗೆ ಇದೇ ದೊಡ್ಡ ಅನುಕೂಲವಾಯಿತು, ಏಕೆಂದರೆ ನ್ಯೂನಿಜ್ ರಾಯನ ಕಡೆ ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳಿದ್ದರೆಂದು ಬರೆಯುತ್ತಾನೆ. ಆ ಸಂಖ್ಯೆಯನ್ನು ನಂಬಿ ಬೊಂಬೆಗಳ ಲೆಕ್ಕ ಹಾಕುವಂತಿಲ್ಲ. ಪ್ರತಿ ಸರದಿಗೆ ಒಂದು ದಾಳ ಉರುಳಿಸಬೇಕು, ಬಿದ್ದಷ್ಟೇ ಅಪ್ಪಣೆಗಳು. ಒಂದು ಬಿದ್ದರೆ ಬಲಗಡೆಯ ಆನೆಗಳು ನಡೆಯುತ್ತವೆ, ಎಡಗಡೆಯ ಕುದುರೆಗಳು ನಿಂತಲ್ಲೇ ನಿಲ್ಲುತ್ತವೆ. ಅಷ್ಟು ವಿಶಾಲವಾದ ಸೈನ್ಯಕ್ಕೆ ಅರಸನ ಮಾತು ತಲುಪುವ ಕಷ್ಟವನ್ನು ಇಷ್ಟು ಚಿಕ್ಕ ನಿಯಮದಲ್ಲಿ ತೋರಿಸಿದ್ದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ.

ಇದರ ವ್ಯಾಪ್ತಿ ಕ್ರಿ.ಶ. 1500ಕ್ಕೆ ನಿಲ್ಲುತ್ತದೆ; ನಮ್ಮ ಕದನ ಅದರಾಚೆಗೆ ಇಪ್ಪತ್ತು ವರ್ಷ. ಫಿರಂಗಿಯ ವರ್ಗ ಇದ್ದರೂ ಅದು ಒಂದು ಸರದಿಗೆ ಒಂದೇ ಗುರಿಗೆ ಹೊಡೆಯುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, 4 ಬೇಸು ಕಳೆದುಕೊಂಡ ಪಕ್ಷ ಸಾಮಾನ್ಯವಾಗಿ ಅಲ್ಲಿಗೇ ಸೋಲುತ್ತದೆ. ಹಾಗಾದರೆ ಮುಂಪಡೆ ಚೆದುರಿದ ಕ್ಷಣಕ್ಕೇ ಆಟ ಮುಗಿದು, ರಾಯನು ಕುದುರೆಯೇರುವ ಮೊದಲೇ ಬಿಜಾಪುರ ಗೆದ್ದಿರುತ್ತದೆ.

ಆದ್ದರಿಂದ ವಿಜಯನಗರದ 12 ಬೇಸುಗಳನ್ನು ಆರಾರರಂತೆ ಎರಡು ಪಡೆಗಳಾಗಿ ಒಡೆದು, ಮುಂಪಡೆಯ ನಷ್ಟವನ್ನು ಸೋಲಿನ ಲೆಕ್ಕದಿಂದ ಹೊರಗಿಟ್ಟೆವು. ಬಿಜಾಪುರದ ಮೂರು ಫಿರಂಗಿಗಳು ಆಟದಲ್ಲಿ ಒಮ್ಮೆ ಮಾತ್ರ ಒಟ್ಟಾಗಿ ಸಿಡಿದು, ಒಂದೊಂದೂ ಎದುರಿನ ಮೂರು ಗುರಿಗಳಿಗೆ ಹೊಡೆಯುತ್ತದೆ. ಬಳಿಕ ಮದ್ದು ತುಂಬಲು ಎರಡು ಸರದಿ ಮೌನವಾಗಿರಬೇಕು. ರಾಯನ ಪಡೆಗೆ ಒಂದು ‘ಉಂಗುರದ ಸರದಿ’ ಕೊಟ್ಟೆವು: ಆ ಸರದಿಯಲ್ಲಿ ದಾಳದ ಹಂಗಿಲ್ಲದೆ ಇಡೀ ಪಡೆ ಮುನ್ನಡೆಯಬಹುದು, ಆದರೆ ಆಮೇಲೆ ರಾಯನ ಬೇಸು ಬಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಹಿಂದೆ ಸರಿಯುತ್ತ ಹೊಳೆಗೆ ತಾಕಿದ ಬೇಸು ನಾಶ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಬಿಜಾಪುರದ ಕಡೆ ಆಡುವವನು ಜಾಣನಾಗಿದ್ದರೆ ಒಮ್ಮೆ ಸಿಡಿಸಿ, ಬೆನ್ನಟ್ಟದೆ ಕಂದಕದ ಹಿಂದೆಯೇ ಕೂರುತ್ತಿದ್ದನು. ಬೆನ್ನಟ್ಟುವ ಆಸೆಯನ್ನು ತಡೆಯುವುದು ನಿಜವಾದ ದಂಡನಾಯಕನಿಗೆ ಸುಲಭವಾಗಿರಲಿಲ್ಲ. ಆ ಭಾರ ಆಟಗಾರನ ಮೇಲೂ ಬೀಳಬೇಕು. ಹಾಗಾಗಿ ಎದುರಿನ ಶತ್ರು ಹಿಮ್ಮೆಟ್ಟಿದ ಕುದುರೆ ಬೇಸಿಗೆ ದಾಳ ಉರುಳಿಸಿ, 4 ಅಥವಾ ಹೆಚ್ಚು ಬಿದ್ದರೆ ಮಾತ್ರ ತಡೆಹಿಡಿಯಬಹುದೆಂದು ಸೇರಿಸಿದೆವು. ಈ ಒಂದು ಸಾಲಿನಿಂದ ಆಟದ ಚಹರೆಯೇ ಬದಲಾಯಿತು: ಮೌನವಾದ ಫಿರಂಗಿಗಳ ಮುಂದೆ ಚದುರಿದ ಕುದುರೆಗಳು, ಅವುಗಳ ಎದುರಿಗೆ ಇನ್ನೂ ಕೆಡದ ರಾಯನ ಸಾಲು. ಬಯಲ ಕದನಕ್ಕೆ ಹೀಗೆ ತಿದ್ದಿದ ಡಿಬಿಎಯನ್ನೇ ನಾನು ಆರಿಸುತ್ತೇನೆ.

2014ರ ಲಯನ್ ರ‍್ಯಾಂಪಂಟ್‌ನ ಮೊದಲ ಆವೃತ್ತಿ ಬೇರೆ ಜಾತಿಯದು. ಇಲ್ಲಿ ತುಕಡಿಗೆ 12 ಅಥವಾ 6 ಬೊಂಬೆಗಳು. ಪ್ರತಿ ತುಕಡಿಯನ್ನು ಎಬ್ಬಿಸಲು, ಅಂದರೆ ಕೆಲಸಕ್ಕೆ ಹಚ್ಚಲು, ಎರಡು ದಾಳ. ಒಂದು ತುಕಡಿ ಏಳದಿದ್ದರೂ ಇಡೀ ಸರದಿಯೇ ಎದುರಾಳಿಗೆ ಹೋಗುತ್ತದೆ. ಆನೆಯೂ ಇಲ್ಲ, ಫಿರಂಗಿಯೂ ಇಲ್ಲ. ಬಯಲ ಕದನಕ್ಕೆ ಇದು ಸಲ್ಲದು. ಬೊಂಬೆಗಳನ್ನು ಒಂದೊಂದಾಗಿ ತೆಗೆಯಬೇಕಾದ್ದು ಇನ್ನೊಂದು ತೊಡಕು, ಏಕೆಂದರೆ ನಮ್ಮವು ನಾಲ್ಕು ನಾಲ್ಕಾಗಿ ಬೇಸಿಗೆ ಅಂಟಿದವು. ಫೆವಿಕಾಲ್ ಬಳಿದು, ಹೊಲದ ಎರೆಮಣ್ಣನ್ನು ಜರಡಿ ಹಿಡಿದು ಉದುರಿಸಿ ಒಣಗಿಸಿದ ಬೇಸುಗಳನ್ನು ಒಡೆಯಲು ಯಾರಿಗೂ ಮನಸ್ಸಾಗಲಿಲ್ಲ. ಸತ್ತವರ ಲೆಕ್ಕಕ್ಕೆ ಬೇಸಿನ ಹಿಂದೆ ತೊಗರಿಕಾಳು ಇಟ್ಟು ಆಡಿದೆವು.

ಆದರೆ ಕದನಕ್ಕೆ ಮೊದಲೂ ನಂತರವೂ ನಡೆದ ರಾಯಚೂರು ಕೋಟೆಯ ಮುತ್ತಿಗೆಗೆ ಇದೇ ಸರಿಯಾದ ನಿಯಮಾವಳಿ. ಅಲ್ಲಿ ನಡೆದದ್ದು ಸಣ್ಣ ಗುಂಪುಗಳ ಕೆಲಸ: ಕೂಲಿಯವರು ಗುದ್ದಲಿ ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು, ಕಿತ್ತ ಕಲ್ಲಿಗೆ ಹಣ ಸಿಗುತ್ತಿತ್ತು, ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಕೋವಿಯವರು ಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆಯುತ್ತಿದ್ದರು. ಕೋವಿಯವರಿಗೆ ಅಡ್ಡಬಿಲ್ಲಿನವರ ವರ್ಗವನ್ನೇ ಕೊಟ್ಟು, ಗೋಡೆಯ ಬುಡದಲ್ಲಿ ಯಶಸ್ವಿಯಾಗಿ ಎದ್ದ ಪ್ರತಿ ಕೂಲಿ ತುಕಡಿಗೆ ಒಂದು ಕಲ್ಲು ಎಂದು ಲೆಕ್ಕ ಹಾಕಿದೆವು. ಸೋತ ದಾಳಕ್ಕೆ ಸರದಿ ಮುಗಿಯುವ ನಿಯಮ ಬಯಲಿನಲ್ಲಿ ಕಾಟವಾಗಿದ್ದರೂ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಮೊದಲು ಕೋವಿಯವರನ್ನು ಎಬ್ಬಿಸಬೇಕೋ ಕೂಲಿಯವರನ್ನೋ ಎಂದು ಪ್ರತಿ ಸರದಿಯಲ್ಲೂ ಯೋಚಿಸಲೇಬೇಕಾಗುತ್ತದೆ. ಕೋವಿಯವರ ತುಕಡಿ ಒಂದೇ ಇರಲಿ. ಎರಡಾದರೆ ಗೋಡೆಯ ಮೇಲಿನವರು ಬೇಗನೆ ಖಾಲಿಯಾಗಿ, ಕಲ್ಲು ಕೀಳುವವರಿಗೆ ಅಪಾಯವೇ ಉಳಿಯುವುದಿಲ್ಲ.